ನೆರೆಗೆ ಕಳಿಸಿದವರಿಗೆ ನೆಲೆ ಕೊಡದ ಆಡಳಿತ

ಮಲಪ್ರಭೆ ಉಕ್ಕಿದರೆ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರಕ್ಕೆ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿಗೆ ಬೋಟ್ ಹೊತ್ತ ವಾಹನಗಳು ಹೊರಡುತ್ತವೆ. ತುಂಗಭದ್ರೆ ಉಕ್ಕಿದರೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ಓಟ. ಅಗ್ನಿಶಾಮಕ ಸಿಬ್ಬಂದಿ, ಗೃಹರಕ್ಷಕರು, ಲೈನ್‌ಮನ್‌ಗಳು, ನೀರಿಳಿದ ಮೇಲೆ ರಾಡಿ ಬಳಿಯುವ ಪೌರಕಾರ್ಮಿಕರು, ಎಲ್ಲರಿಗೂ ಒಂದು ಫೋನಿನಲ್ಲಿ ಆದೇಶ ತಲುಪುತ್ತದೆ. ರಾತ್ರಿ ಅವರು ಎಲ್ಲಿ ಮಲಗಬೇಕು ಎಂಬ ಮಾತು ಆ ಫೋನಿನಲ್ಲಿ ಬರುವುದಿಲ್ಲ. ಶಾಲೆಯ ಜಗಲಿ, ಗುಡಿಯ ಕಟ್ಟೆ, ವಾಹನದ ಸೀಟು. ಅದೂ ಸಿಗದಿದ್ದರೆ ಸ್ವಂತ ದುಡ್ಡಿನಲ್ಲಿ ಲಾಡ್ಜ್.

ಆ ದುಡ್ಡು ಮರಳಿ ಬರಬೇಕಾದರೆ ಪ್ರಯಾಣ ಭತ್ಯೆಯ ಬಿಲ್ಲು ಬರೆಯಬೇಕು. ಹೊರಟ ಸ್ಥಳ, ಹೊರಟ ವೇಳೆ, ತಲುಪಿದ ಸ್ಥಳ, ತಲುಪಿದ ವೇಳೆ, ದೂರ, ಪ್ರಯಾಣದ ಉದ್ದೇಶ. ಸಭೆಗೋ ತಪಾಸಣೆಗೋ ಹೋಗಿಬರುವವರಿಗೆ ಒಗ್ಗುವ ಅಂಕಣಗಳಿವು. ಬೆಳಗಿನ ಜಾವ ಒಂದೂರಿನಲ್ಲಿ ಬೋಟ್ ಇಳಿಸಿ, ಮಧ್ಯಾಹ್ನ ಇನ್ನೊಂದೂರಿನಲ್ಲಿ ಮುದುಕರನ್ನು ಮಾಳಿಗೆಯಿಂದ ಇಳಿಸಿಕೊಂಡು, ಸರಿರಾತ್ರಿ ಮತ್ತೊಂದಕ್ಕೆ ಓಡಿದ ಫೈರ್‌ಮನ್ ‘ತಲುಪಿದ ವೇಳೆ’ಯಲ್ಲಿ ಏನು ತುಂಬಬೇಕು? ವಸತಿಗೆ ರಸೀದಿ ಲಗತ್ತಿಸಬೇಕು. ನೆರೆ ಬಂದ ಹಳ್ಳಿಯಲ್ಲಿ ಲಾಡ್ಜ್ ಎಲ್ಲಿಂದ ಬರಬೇಕು? ತಾಲ್ಲೂಕು ಕೇಂದ್ರದ ಸಣ್ಣ ಲಾಡ್ಜಿನವನು ಕೊಟ್ಟ ಚೀಟಿ ಒದ್ದೆ ಸಮವಸ್ತ್ರದ ಕಿಸೆಯಲ್ಲಿ ಮುದ್ದೆಯಾಗಿರುತ್ತದೆ. ಉಳಿದರೂ ಪೂರ್ವಾನುಮತಿ ಇಲ್ಲ, ದರ್ಜೆಗೆ ಮೀರಿದ ಬಾಡಿಗೆ ಎಂಬ ಆಕ್ಷೇಪಣೆ. ಅದನ್ನೂ ದಾಟಿದರೆ ಅನುದಾನ ಬಂದಿಲ್ಲ ಎಂಬ ಉತ್ತರ. ಎರಡು ಸಲ ಅಲೆದವನು ಮೂರನೆಯ ಸಲ ಬಿಲ್ಲು ಬರೆಯುವ ಗೋಜಿಗೇ ಹೋಗುವುದಿಲ್ಲ. ಬರೆಯದ ಬಿಲ್ಲು ಯಾವ ಬಾಕಿ ಪಟ್ಟಿಯಲ್ಲೂ ಕಾಣುವುದಿಲ್ಲ.

ಇದು ಕಾಯಂ ನೌಕರನ ಪಾಡು. ಗೃಹರಕ್ಷಕನಿಗೆ ಸಂಬಳವೇ ಇಲ್ಲ, ಕರೆದ ದಿನದ ಭತ್ಯೆಯಷ್ಟೇ. ಆ ಭತ್ಯೆ ಪೊಲೀಸರ ಕನಿಷ್ಠ ವೇತನಕ್ಕೆ ಹೊಂದುವಂತಿರಲಿ ಎಂದು ಹೇಳಲು 2015ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಹೊರಗುತ್ತಿಗೆಯ ಚಾಲಕ, ಪೌರಕಾರ್ಮಿಕರು ಕೇಳಿದರೆ ಗುತ್ತಿಗೆದಾರನತ್ತ ಬೆರಳು. ಹೆಸ್ಕಾಂ ಏಳು ಜಿಲ್ಲೆಗಳ ವಿದ್ಯುತ್ ಕಂಪನಿ, ಉತ್ತರ ಕನ್ನಡವೂ ಅದರಲ್ಲಿದೆ. ಘಟ್ಟದ ಕೆಳಗೆ ಸಾಲುಸಾಲು ಕಂಬ ಬಿದ್ದರೆ ಲಕ್ಷ್ಮೇಶ್ವರದ ಲೈನ್‌ಮನ್‌ಗೂ ಕರೆ ಬರಬಹುದು. ಮಳೆಯಲ್ಲಿ ದಿನವಿಡೀ ಕಂಬ ಹತ್ತಿದವನು ನಿದ್ದೆಯಿಲ್ಲದೆ ಮರುದಿನ ಮತ್ತೆ ಹತ್ತುವುದು ಜೀವದ ಜೊತೆ ಆಡುವ ಆಟ.

ವಿಪತ್ತು ಪರಿಹಾರ ನಿಧಿಯ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಸಾಲು ಇದೆ: ವಿಪತ್ತಿನಲ್ಲಿ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಪರಿಹಾರ ಕಾರ್ಯದಲ್ಲಿ ತೊಡಗಿದ್ದವರು ಸತ್ತರೂ ಅಷ್ಟೇ. ಸತ್ತ ಮೇಲೆ ಲೆಕ್ಕಕ್ಕೆ ಬರುವ ಈ ಮನುಷ್ಯ ಬದುಕಿ ದುಡಿಯುವಾಗ ಎಲ್ಲಿ ಮಲಗುತ್ತಾನೆಂದು ಯಾರೂ ಕೇಳುತ್ತಿಲ್ಲವಲ್ಲ ಎಂಬುದು ನಮ್ಮ ಸಂಕಟ. ಶೋಧ ಮತ್ತು ರಕ್ಷಣೆಗೆ ತಗುಲಿದ ನಿಜವೆಚ್ಚ ಭರಿಸಲು ಅದೇ ಮಾರ್ಗಸೂಚಿ ಅವಕಾಶ ಕೊಡುತ್ತದೆ. ರಕ್ಷಕನ ಹಾಸಿಗೆ ಆ ವೆಚ್ಚದೊಳಗೆ ಸೇರುತ್ತದೆಂದು ಸರ್ಕಾರ ಸ್ಪಷ್ಟವಾಗಿ ಬರೆದುಕೊಟ್ಟರೆ ಸಾಕು.

ಕಾನೂನು ಇನ್ನೂ ಮುಂದೆ ಹೋಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಕ್ಷಣಾ ಕಾರ್ಯಕ್ಕೆ ಬೇಕಾದ ಕಟ್ಟಡವನ್ನು ವಶಕ್ಕೆ ಪಡೆಯುವ ಅಧಿಕಾರವನ್ನು 65ನೇ ಕಲಂ ಆ ಪ್ರಾಧಿಕಾರಕ್ಕೂ ಕೊಟ್ಟಿದೆ. ಮಾಲೀಕನಿಗೆ ಹಣ ಕೊಡುವ ಬಗೆ 66ನೇ ಕಲಮಿನಲ್ಲಿದೆ. ಗದಗ-ಬೆಟಗೇರಿಯ ಲಾಡ್ಜಾಗಲಿ, ಮುಂಡರಗಿಯ ಕಲ್ಯಾಣ ಮಂಟಪವಾಗಲಿ, ಆಡಳಿತವೇ ಹಿಡಿದು ಆಡಳಿತವೇ ಬಾಡಿಗೆ ಕಟ್ಟಬಹುದು. ಅಮೆರಿಕದ ರಾಜ್ಯಗಳು ಮಾಡಿಕೊಂಡ, 1996ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಪರಸ್ಪರ ನೆರವಿನ ಒಪ್ಪಂದದಲ್ಲಿ, ಕರೆದ ರಾಜ್ಯವೇ ಬಂದವರ ಖರ್ಚು ತುಂಬಿಕೊಡಬೇಕು. ನಮ್ಮಲ್ಲಿ ಕರೆದವರು ಯಾರೋ, ಖರ್ಚು ಬಂದವನ ಕಿಸೆಯಿಂದ.

ಈ ಉದಾಸೀನ ಹಬ್ಬುತ್ತಿರುವ ಕಾಲ ಎಂಥದು ನೋಡಿ. 2009ರ ನೆರೆಯ ನಂತರ ಹತ್ತೇ ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಮಲಪ್ರಭೆ ಮತ್ತೆ ಕೊಣ್ಣೂರನ್ನು ಮುಳುಗಿಸಿತು. ಅದೇ ವರ್ಷದ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತರು. ಅವಶೇಷಗಳಡಿಯ ಹುಡುಕಾಟ ದಿನಗಟ್ಟಲೆ ನಡೆಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದಾಗ ಗಂಗಾವಳಿ ನದಿಯಲ್ಲಿ ಶೋಧ ಸೆಪ್ಟೆಂಬರ್‌ವರೆಗೂ ಎಳೆಯಿತು. ಒಂದು ರಾತ್ರಿ ಹೇಗೋ ಕಳೆದುಬಿಡುವ ಕೆಲಸವಲ್ಲ ಇದು. ಮೈ ಒದ್ದೆಯಾಗಿ, ಕಣ್ಣು ಎಳೆಯುತ್ತಿರುವಾಗ ಹಗ್ಗ ಹಿಡಿದವನ ಕೈಯಲ್ಲಿ ಇನ್ನೊಬ್ಬರ ಮಗು ಇರುತ್ತದೆ. ಅವನನ್ನು ಹೀಗೆ ನಡೆಸಿಕೊಂಡರೆ ಮುಂದಿನ ಸಲ ಫೋನ್ ಬಂದಾಗ ‘ಮೈಯಲ್ಲಿ ಆರಾಮಿಲ್ರಿ’ ಎನ್ನುವವರು ಹೆಚ್ಚುತ್ತಾರೆ. ಅದಕ್ಕೆ ಅವರನ್ನು ದೂರುವ ಹಕ್ಕು ನಮಗಿಲ್ಲ.

ಮುಂಗಾರು ಪೂರ್ವ ಸಭೆಗಳಲ್ಲಿ ಸಂತ್ರಸ್ತರ ಕಾಳಜಿ ಕೇಂದ್ರಗಳ ಪಟ್ಟಿ ಓದುತ್ತಾರೆ. ಹೊಳೆಆಲೂರು, ಕೊಣ್ಣೂರು, ಹಮ್ಮಿಗಿಯ ಸುತ್ತ ರಕ್ಷಣಾ ಸಿಬ್ಬಂದಿ ತಂಗುವ ಹಾಸ್ಟೆಲ್, ಸಮುದಾಯ ಭವನಗಳ ಪಟ್ಟಿಯೂ ಅದರ ಪಕ್ಕದಲ್ಲಿರಲಿ. ಒಣ ಹಾಸಿಗೆ, ಬಿಸಿನೀರು, ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ಕೋಣೆ ಬೇಕು. ಎಲ್ಲೂ ಜಾಗ ಸಿಗದಾಗ ರಸೀದಿ ಕೇಳದೆ ದಿನಕ್ಕಿಷ್ಟು ಎಂದು ನಿಗದಿಯಾದ ಮೊತ್ತವನ್ನು ಜಿಲ್ಲಾಧಿಕಾರಿಯ ವೈಯಕ್ತಿಕ ಠೇವಣಿ (ಪಿ.ಡಿ.) ಖಾತೆಯಿಂದ ನೇರ ಕೊಡಲಿ. ಗೃಹರಕ್ಷಕರೂ ಹೊರಗುತ್ತಿಗೆಯವರೂ ಅದರಲ್ಲಿ ಬರಲಿ. 2019ರಿಂದೀಚೆಗೆ ಉಳಿದ ಬಾಕಿಯನ್ನು ಕರ್ತವ್ಯದ ಹಾಜರಿ ಪುಸ್ತಕ ನೋಡಿ ಚುಕ್ತಾ ಮಾಡಲಿ. ಅಂದು ದುಡಿದವರಲ್ಲಿ ನಿವೃತ್ತರಾದವರೂ ಇದ್ದಾರೆ, ಅವರ ಹಣ ಅವರ ಮನೆಗೇ ಹೋಗಿ ಸೇರಬೇಕು.