ಹರಕೆಯ ಜೊತೆಗೆ ನಿತ್ಯದ ಅಭ್ಯಾಸ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹರಿದುಬರುವ ಯಾತ್ರಿಕರ ನಡುವೆ, ಬೆಳೆದ ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಂದಿರನ್ನು ನಾವು ಕಾಣುತ್ತೇವೆ. ಆ ಮಕ್ಕಳಲ್ಲಿ ಕೆಲವರಿಗೆ ಇರುವುದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು. ಮಗು ಎದ್ದು ನಿಲ್ಲಲಿ ಎಂಬುದೊಂದೇ ಆ ತಾಯಂದಿರ ಹರಕೆ. ಆ ಪ್ರಾರ್ಥನೆಯನ್ನು ಗೌರವಿಸುತ್ತಲೇ, ಮನೆಗೆ ಮರಳಿದ ಮೇಲೆ ಅದು ಯಾವ ರೂಪ ತಾಳಬೇಕೆಂಬುದನ್ನು ವಿಚಾರಿಸುವುದು ಇಂದು ಉಚಿತವೆನಿಸುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ತೊಲಗಬೇಕು. ಈ ಸ್ಥಿತಿ ಹಿರಿಯರ ಪಾಪದ ಫಲವಲ್ಲ, ಗ್ರಹಣದ ದೋಷವಲ್ಲ, ಹೆತ್ತ ತಾಯಿಯ ಅಪರಾಧವಂತೂ ಅಲ್ಲವೇ ಅಲ್ಲ. ಹೆರಿಗೆಗೆ ಮುನ್ನ, ಹೆರಿಗೆಯ ವೇಳೆ ಅಥವಾ ಎಳವೆಯಲ್ಲಿ ಬೆಳೆಯುತ್ತಿರುವ ಮೆದುಳಿಗಾದ ಪೆಟ್ಟೇ ಇದರ ಮೂಲ. ದಿನ ತುಂಬುವ ಮೊದಲೇ ಜನನ, ಹುಟ್ಟುವಾಗ ಉಸಿರಾಟದ ತೊಂದರೆ, ತೀವ್ರ ಕಾಮಾಲೆ, ಮೆದುಳು ಜ್ವರ ಇವು ಕೆಲವು ಕಾರಣಗಳು. ಆ ಪೆಟ್ಟು ತಾನಾಗಿ ಹೆಚ್ಚುತ್ತಾ ಹೋಗುವುದಿಲ್ಲ. ಅದನ್ನು ಅಳಿಸಿಹಾಕುವ ಔಷಧವೂ ಇಲ್ಲ. ಹಾಗೆಂದು ಮಾಡುವಂಥದೇನೂ ಇಲ್ಲವೆಂದು ಕೈಚೆಲ್ಲುವುದು ಸರಿಯಲ್ಲ.

ಮನುಷ್ಯನು ನಿಲ್ಲುವುದು ಕಾಲಿನ ಬಲದಿಂದ ಮಾತ್ರವಲ್ಲ. ಕಣ್ಣು, ಒಳಕಿವಿ, ಕೀಲು ಮತ್ತು ಸ್ನಾಯುಗಳು ಕಳುಹಿಸುವ ಸುದ್ದಿಯನ್ನು ಮೆದುಳು ಕ್ಷಣಕ್ಷಣಕ್ಕೂ ಕೂಡಿಸಿ, ದೇಹ ವಾಲದಂತೆ ತಕ್ಕ ಸ್ನಾಯುವಿಗೆ ಅಪ್ಪಣೆ ಕೊಡುತ್ತದೆ. ಈ ಮಕ್ಕಳಲ್ಲಿ ಆ ಅಪ್ಪಣೆ ತಡವಾಗುತ್ತದೆ ಅಥವಾ ತಪ್ಪುತ್ತದೆ. ಆದರೆ ಬೆಳೆಯುವ ಮೆದುಳಿಗೆ ಹೊಸ ದಾರಿಯನ್ನು ಕಲಿಯುವ ಶಕ್ತಿಯುಂಟು. ಸದ್ಗುಣವು ಉಪದೇಶ ಕೇಳಿ ಬರುವಂಥದಲ್ಲ, ಮಾಡಿ ಮಾಡಿ ಬರುವಂಥದು ಎಂದು ಅರಿಸ್ಟಾಟಲ್ ವಿವರಿಸಿದನು. ಸಮತೋಲನವೂ ಹಾಗೆಯೇ. ಅದನ್ನು ಮಗುವೇ ಮಾಡಬೇಕು. ಬೇರೆಯವರು ಕೈಕಾಲು ನೀವಿ ಎಣ್ಣೆ ತಿಕ್ಕಿದರೆ ಹಿತವಾಗಬಹುದು. ಅಷ್ಟರಿಂದಲೇ ಮಗು ನಿಲ್ಲಲು ಕಲಿಯದು.

ಇದಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಪಾದ ನೆಲಕ್ಕೆ ಊರುವಂತೆ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ಮಂಡಕ್ಕಿಯ ಬಟ್ಟಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ತುಸು ದೂರದಲ್ಲಿ ಹಿಡಿಯಿರಿ. ಅದಕ್ಕಾಗಿ ಕೈಚಾಚಿ ಮತ್ತೆ ನೇರವಾಗುವುದೇ ಒಂದು ಪಾಠ. ಸ್ಟೂಲಿನಿಂದ ಎದ್ದು ನಿಂತು ಮತ್ತೆ ಕೂರುವುದು, ಗೋಡೆ ಹಿಡಿದು ಪಕ್ಕಕ್ಕೆ ಹೆಜ್ಜೆಯಿಡುವುದು, ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು, ನೆಲದ ಮೇಲೆಳೆದ ಸೀಮೆಸುಣ್ಣದ ಗೆರೆಯ ಮೇಲೆ ನಡೆಯುವುದು ಮುಂದಿನ ಪಾಠಗಳು. ಯಾವ ಮಗುವಿಗೆ ಯಾವುದು, ದಿನಕ್ಕೆಷ್ಟು ಸಲ ಎಂಬುದನ್ನು ಫಿಸಿಯೋಥೆರಪಿಸ್ಟರೇ ನಿರ್ಧರಿಸಲಿ. ಸೊಂಟದ ಕೀಲು ಜಾರಿರುವ ಅಥವಾ ಫಿಟ್ಸ್ ಬರುವ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ನೋವೆಂದರೆ ನಿಲ್ಲಿಸಿರಿ. ಬೀಳದಂತೆ ಪಕ್ಕದಲ್ಲಿರಿ, ಆದರೆ ಮಗು ತುಸು ಓಲಾಡಿದೊಡನೆ ಎತ್ತಿಕೊಳ್ಳಬೇಡಿರಿ. ಆ ಓಲಾಟದಲ್ಲೇ ಕಲಿಕೆ ಇದೆ.

ಎಲ್ಲ ಮಕ್ಕಳೂ ನಡೆಯುವರೆಂದು ಹೇಳುವುದು ವಂಚನೆಯಾದೀತು. ಕೆಲವರಿಗೆ ಗಾಲಿಕುರ್ಚಿಯೇ ಕಾಲು. ಆದರೂ ಆಧಾರವಿಲ್ಲದೆ ಕೂರಲು ಕಲಿತ ಮಗುವಿಗೆ ಎರಡೂ ಕೈಗಳು ಬಿಡುವಾಗುತ್ತವೆ. ಅದು ತಾನೇ ತುತ್ತು ಎತ್ತಬಹುದು, ಪುಸ್ತಕ ಹಿಡಿಯಬಹುದು. ನಡೆಯುವುದೊಂದನ್ನೇ ಗೆಲುವೆಂದು ಎಣಿಸುವ ಮನೆಗಳಲ್ಲಿ ಇಂಥ ಗೆಲುವುಗಳು ಕಣ್ಣಿಗೆ ಬೀಳದೆ ಹೋಗುತ್ತವೆ, ಅಭ್ಯಾಸವೂ ಅರ್ಧಕ್ಕೆ ನಿಲ್ಲುತ್ತದೆ.

ಸಹಾಯ ದೂರದಲ್ಲಿಲ್ಲ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಬಾಪೂಜಿ ಮಕ್ಕಳ ಆಸ್ಪತ್ರೆಯೂ ಜಿಲ್ಲಾ ಆಸ್ಪತ್ರೆಯೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಹೆಸರು ಸ್ಪಷ್ಟವಾಗಿದೆ. 1999ರ ಕಾಯಿದೆಯಿಂದ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯು 1 ಲಕ್ಷ ರೂಪಾಯಿಯವರೆಗಿನ ವೆಚ್ಚವನ್ನು ಭರಿಸುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ಆದರೆ ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಹತ್ತು ವರ್ಷದ ಮಗುವನ್ನು ಎತ್ತಿ ಬಸ್ಸು ಹತ್ತಿಸುವ ತಾಯಿಗೆ ಆ ದಿನದ ಕೂಲಿ ಹೋಗುತ್ತದೆ. ಹೀಗಾಗಿ ನಾಲ್ಕು ವಾರ ಬಂದವರು ಐದನೆಯ ವಾರ ನಿಂತುಬಿಡುತ್ತಾರೆ. ಇಲ್ಲಿಯೇ ಧರ್ಮಕೇಂದ್ರದ ಹೊಣೆ ಆರಂಭವಾಗುತ್ತದೆ. ಪಾರ್ಶ್ವವಾಯು ರೋಗಿಯನ್ನು ಹೊತ್ತು, ಛಾವಣಿ ತೆರೆದು ಯೇಸುಸ್ವಾಮಿಯ ಮುಂದೆ ಇಳಿಸಿದ ನಾಲ್ವರ ವೃತ್ತಾಂತ ಶುಭಸಂದೇಶದಲ್ಲಿದೆ. ಸ್ವಾಮಿ ಕಂಡದ್ದು ಅವರ ವಿಶ್ವಾಸವನ್ನು. ನಮ್ಮ ಯುವಕರು ಸರದಿಯ ಮೇಲೆ ಒಂದು ಮಗುವನ್ನು ವಾರಕ್ಕೊಮ್ಮೆ ಥೆರಪಿಗೆ ಕರೆದೊಯ್ಯಲಾರರೇ? ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಇಳಿಜಾರಿನ ದಾರಿಯೊಂದನ್ನು ಕಟ್ಟಲು ಎಷ್ಟು ಸಿಮೆಂಟು ಬೇಕು? ಧರ್ಮೋಪದೇಶದ ತರಗತಿಯಲ್ಲಿ ಆ ಮಗುವಿಗೊಂದು ತಕ್ಕ ಕುರ್ಚಿ ಇರಬಾರದೇ?

ಪ್ರಿಯ ತಂದೆತಾಯಿಗಳೇ, ದೇವರ ಕೃಪೆ ನಮ್ಮ ಕೈಗಳನ್ನು ಬದಿಗೆ ತಳ್ಳಿ ಕೆಲಸ ಮಾಡುವಂಥದಲ್ಲ. ಹರಕೆ ಹೊತ್ತುಕೊಳ್ಳಿರಿ, ತಪ್ಪಲ್ಲ. ಆದರೆ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡಬೇಡಿರಿ. ಸಂಜೆಯ ಜಪಸರಕ್ಕೆ ಮನೆಮಂದಿಯೆಲ್ಲ ಕೂಡುವ ಮುನ್ನ, ಆ ಸ್ಟೂಲನ್ನು ನಡುಮನೆಗೆ ತನ್ನಿರಿ. ಅಣ್ಣ ಅಕ್ಕಂದಿರು ಬಟ್ಟಲು ಹಿಡಿಯಲಿ.