ಕಡಲತೀರದಲ್ಲಿ ನಮ್ಮ ದೀಪ

ಬೀದರ ಜಿಲ್ಲೆಯ ನಿರ್ಣಾ ಗ್ರಾಮದಿಂದ ಪಡುಗಡಲು ನೇರ ಅಳತೆಯಲ್ಲಿಯೂ ಸುಮಾರು ೪೦೦ ಕಿಲೋಮೀಟರು ದೂರ. ಅಂಥ ಒಳನಾಡಿನಲ್ಲಿ ಬೆಳೆದ ನಮಗೆ ಕಡಲನ್ನು ಕಾಣುವ ಹಂಬಲವು ಸಹಜವಾದುದು. ಶಾಲಾ ಕಾಲೇಜುಗಳ ಪ್ರವಾಸಗಳು ಉತ್ತರ ಕನ್ನಡದ ತೀರಕ್ಕೆ ಅವಶ್ಯವಾಗಿ ಹೋಗಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಅಲ್ಲಿ ನಾವು ಅತಿಥಿಗಳೆಂಬುದನ್ನು ಮರೆಯಬಾರದು.

ಆ ತೀರವು ಹೊರಗಿನಿಂದ ಬಂದವರನ್ನು ಬಹುಕಾಲದಿಂದ ಬರಮಾಡಿಕೊಂಡಿದೆ. ಭಟ್ಕಳದ ನವಾಯತರ ನುಡಿಯನ್ನೇ ನೋಡಿರಿ: ಅದರ ತಳಹದಿ ಕೊಂಕಣಿ; ಅರಬ್ಬಿ, ಪಾರಸಿ ಶಬ್ದಗಳು ಅದರಲ್ಲಿ ಬೆರೆತಿವೆ; ಬರೆಯುವ ಲಿಪಿಯು ಅರಬ್ಬಿ ಮೂಲದ್ದು. ಕಡಲ ವ್ಯಾಪಾರವು ಕೂಡಿಸಿದ ಬಾಳುವೆ ಇದು.

ಭಟ್ಕಳದ ಉತ್ತರಕ್ಕೆ, ಹೊನ್ನಾವರದ ಬಳಿಯ ಕಾಸರಕೋಡಿನ ಮರಳಿಗೆ ಇನ್ನೊಂದು ಅತಿಥಿ ಬರುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಯು ದಡವೇರಿ, ಗುಂಡಿ ತೋಡಿ, ಸುಮಾರು ೧೦೦ ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತದೆ. ೪೫ರಿಂದ ೬೦ ದಿನಗಳಲ್ಲಿ ಹೊರಬರುವ ಮರಿಗಳು ಬೆಳಕು ಹೆಚ್ಚಾಗಿರುವ ದಿಕ್ಕಿಗೆ ತೆವಳುತ್ತವೆ. ಕತ್ತಲೆಯ ತೀರದಲ್ಲಿ ಆ ದಿಕ್ಕು ಕಡಲಿನದೇ. ನಾವು ದೀಪ ಬೆಳಗಿಸಿದೆವೆಂದರೆ ಅವು ನಮ್ಮತ್ತ ತಿರುಗಿ, ದಣಿದು, ನಾಯಿ ಕಾಗೆಗಳಿಗೆ ತುತ್ತಾಗುತ್ತವೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಮೆಗೆ ರಕ್ಷಣೆ ನೀಡಿದೆ. ಆದರೆ ಪ್ರತಿಯೊಬ್ಬ ಪ್ರವಾಸಿಯ ಕೈದೀಪವನ್ನು ಕಾಯಿದೆಯು ಕಾವಲು ಕಾಯಲಾರದು. ಆ ಹೊಣೆ ನಮ್ಮದು. ರಾತ್ರಿ ತೀರದಲ್ಲಿ ದೀಪವಾರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕುಳಿತಿರೋಣ. ನೀರಿನ ಮೇಲಿನ ಮಸುಕು ಬೆಳಕು ಆಗ ನಮಗೂ ಕಾಣುವುದು. ಮರಿಗಳಿಗೆ ದಾರಿ ತೋರುವ ಬೆಳಕು ಅದೇ.