ಚಳಿಯೂ ಚಿತ್ರದಲ್ಲಿರಲಿ

ಧನುರ್ಮಾಸದಲ್ಲಿ ಮದುವೆಗಳಿಲ್ಲ, ನಿಶ್ಚಿತಾರ್ಥವಾದವರಿಗೆ ಅದು ಕಾಯುವ ಕಾಲ. ಅಂಥ ಜೋಡಿಗಳನ್ನು ಮುಂಜಾವಿನಲ್ಲಿ ನಂದಿಬೆಟ್ಟಕ್ಕೆ ಕರೆದೊಯ್ದು ಛಾಯಾಚಿತ್ರ ತೆಗೆಯುವ ಈಗಿನ ವಾಡಿಕೆಯನ್ನು ನಾನು ಹಳಿಯುವವನಲ್ಲ. 1,478 ಮೀಟರು ಎತ್ತರದ ಆ ಶಿಖರದಲ್ಲಿ ಮಂಜು ಬಿಸಿಲನ್ನು ಸೋಸಿ, ಮುಖದ ಮೇಲಿನ ಗಡುಸು ನೆರಳುಗಳನ್ನು ಅಳಿಸುತ್ತದೆ.

ಆದರೆ ನನ್ನದೊಂದು ಆಕ್ಷೇಪವುಂಟು. ಉಣ್ಣೆಯ ಕೋಟು ತೊಟ್ಟ ಛಾಯಾಗ್ರಾಹಕ, ತೆಳುಸೀರೆಯಲ್ಲಿ ನಡುಗುತ್ತಿರುವ ಹುಡುಗಿಗೆ ‘ಸ್ವಲ್ಪ ನಗಿ, ಮೇಡಂ’ ಎಂದು ಅಪ್ಪಣೆ ಮಾಡುತ್ತಾನೆ. ಆಕೆಯ ಶಾಲು ಚೌಕಟ್ಟಿನಾಚೆ ಯಾರದೋ ಕೈಯಲ್ಲಿರುತ್ತದೆ. ಅಪ್ಪಣೆಯ ನಗೆ ಮುಖವನ್ನು ಬಿಗಿಯುತ್ತದೆ, ಬೆಳಗಿಸುವುದಿಲ್ಲ.

ಆ ಶಾಲನ್ನು ಇಬ್ಬರಿಗೂ ಹೊದಿಸಿ ಚಿತ್ರ ತೆಗೆಯಬಾರದೇಕೆ? ಮುಂದೆ ಮಕ್ಕಳಿಗೆ ಅದನ್ನು ತೋರಿಸುವಾಗ ‘ಅಂದು ಬಹಳ ಚಳಿಯಿತ್ತು’ ಎಂಬ ತಾಯಿಯ ಮಾತಿಗೆ ಚಿತ್ರವೂ ಸಾಕ್ಷಿ ನುಡಿಯಬೇಕು.